ಹನ್ನೊಂದು ವರ್ಷದ ಕಪ್ಪು

ಲೋಸೇಲಿ ಮೊದಲ ಸಲ ಡೈ ಕೇಳಿಕೊಂಡು ಬಂದಾಗ ಅವಳಿಗೆ ಇಪ್ಪತ್ತು ವರ್ಷ. ನಾನು ನಮ್ಮ ದ್ವೀಪದ ನೇಯಾಫು ಪೇಟೆಯಲ್ಲಿ ಚೀನೀಯರ ಅಂಗಡಿಯೊಂದರ ಗಲ್ಲಾ ನೋಡಿಕೊಳ್ಳುತ್ತಿದ್ದೆ. ಅವಳು ಎರಡು ಬೀದಿ ಆಚೆ, ತಿಮಿಂಗಿಲ ನೋಡಲು ಬರುವ ಬಿಳಿಯರು ಇಳಿದುಕೊಳ್ಳುವ ವಸತಿಗೃಹದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ವಾರವಿಡೀ ಅಲ್ಲೇ ಇದ್ದು ಶನಿವಾರ ಮನೆಗೆ ಹೋಗುತ್ತಿದ್ದಳು. ನಮ್ಮಿಬ್ಬರದೂ ಒಂದೇ ಊರು, ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಬಂದವಳು ತುರುಬು ಬಿಚ್ಚಿ, ಕಿವಿಯ ಹಿಂದಿನ ಕೂದಲು ಎತ್ತಿ ತೋರಿಸಿದಳು.

“ನೋಡು ನೈತೆ, ಏನಿದು?”

ಏಳೆಂಟು ಎಳೆ ಬಿಳಿ ಕೂದಲು. ಬೇರಿನಿಂದಲೇ ಬಿಳಿ.

“ಬಾಲನೆರೆ ಕಣೇ. ಕೆಲವರಿಗೆ ಬರುತ್ತೆ.”

“ಬರೋರಿಗೆ ಬರಲಿ. ನಂಗೆ ಬೇಡ.”

ಅಂಗಡಿಯ ಹಿಂದೆ ಬಚ್ಚಲಿತ್ತು. ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ನಾನೇ ಹಚ್ಚಿಕೊಟ್ಟೆ. ಅರ್ಧ ಗಂಟೆ ತಲೆಗೆ ಚೀಲ ಸುತ್ತಿಕೊಂಡು ಅಕ್ಕಿ ಮೂಟೆಯ ಮೇಲೆ ಕೂತಿದ್ದಳು. ತೊಳೆದ ಮೇಲೆ ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡು, “ಇದು ನಿನ್ನ ಹೊಟ್ಟೇಲೇ ಇರಲಿ,” ಅಂದಳು. ಇರುತ್ತೆ ಅಂದೆ. ಅದೇನು ದೊಡ್ಡ ಮಾತು ಅಂತ ನನಗೆ ಆಗ ಅನಿಸಿರಲಿಲ್ಲ. ಆಮೇಲೆ ತಿಂಗಳ ಮೊದಲ ಶನಿವಾರ ಅವಳು ಬರುವುದು, ನಾನು ಹಚ್ಚುವುದು, ರೂಢಿಯೇ ಆಯಿತು.

ಅವಳಿಗೊಬ್ಬಳು ಅಕ್ಕ, ಕಲೊಲೈನೆ. ಅಕ್ಕ ಎಂದರೆ ಕಾಲು ಗಂಟೆ ಮೊದಲು ಹುಟ್ಟಿದವಳು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದರು. ಶಾಲೆಯಲ್ಲಿ ಮೇಷ್ಟರು ಒಬ್ಬಳ ತಪ್ಪಿಗೆ ಇನ್ನೊಬ್ಬಳಿಗೆ ಹೊಡೆದದ್ದು ಎಷ್ಟು ಸಲವೋ. ತಾಯಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ತಂದೆ ಸಿಯೊಸಿಫಾ ವೆನಿಲ್ಲಾ ಬೆಳೆಯುತ್ತಿದ್ದ, ಚರ್ಚಿನ ಹಿರಿಯರಲ್ಲಿ ಒಬ್ಬ. ಲೋಸೇಲಿ ಪೇಟೆಯಲ್ಲಿ ದುಡಿದರೆ ಕಲೊಲೈನೆ ಮನೆಯಲ್ಲಿದ್ದು ಅಪ್ಪನಿಗೆ ಅಡುಗೆ ಮಾಡುತ್ತ, ಹೆಂಗಸರ ಜತೆ ಕೇದಗೆ ಗರಿಯ ಚಾಪೆ ಹೆಣೆಯುತ್ತಿದ್ದಳು.

ಕಲೊಲೈನೆಗೂ ಬಿಳಿ ಕೂದಲು ಬಂತು. ತಂಗಿಗೆ ಬಂದ ಎರಡೇ ತಿಂಗಳಿಗೆ. ಅವಳು ಅದನ್ನು ಬಚ್ಚಿಡಲಿಲ್ಲ. ಚಾಪೆ ಹೆಣೆಯುವ ಚಾವಡಿಯಲ್ಲಿ ತಲೆ ಬಗ್ಗಿಸಿ ಎಲ್ಲರಿಗೂ ತೋರಿಸಿ, “ಅಜ್ಜಿ ಆದೆ ನೋಡ್ರೇ, ಇನ್ಮೇಲೆ ನಂಗೆ ನೀವೆಲ್ಲ ಎದ್ದು ಜಾಗ ಬಿಡಬೇಕು,” ಅಂತ ನಗಿಸಿದಳು. ಇಪ್ಪತ್ತೆರಡು ತುಂಬುವ ಹೊತ್ತಿಗೆ ಹಣೆಯಿಂದ ನೆತ್ತಿಯವರೆಗೆ ಅಂಗೈ ಅಗಲದ ಬಿಳಿ ಪಟ್ಟೆ ಎದ್ದಿತ್ತು. ಅಷ್ಟು ಬಿಳಿಯಾದ ಮೇಲೆ ನಗು ಕಡಿಮೆಯಾಯಿತು, ಪ್ರಶ್ನೆ ಶುರುವಾಯಿತು.

ಪ್ರಶ್ನೆ ಕೇಳಿದವಳು ಕಿತಿಯೊನಾನ ತಾಯಿ. ಕಿತಿಯೊನಾ ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಹುಡುಗ, ಕಲೊಲೈನೆಯ ಮೇಲೆ ಮನಸ್ಸಿಟ್ಟಿದ್ದ. ಅವಳು ಮತ್ತಿನ ಬೇರು ನೀರಿಗೆ ಕಲಸಿದ ಕಾವಾ ಬಡಿಸುವ ದಿನ ತಪ್ಪದೆ ಬಂದು ಗಂಡಸರ ಸಾಲಿನಲ್ಲಿ ಕೂರುತ್ತಿದ್ದ, ಮಾತಿಲ್ಲದೆ ಎಂಟು ಹತ್ತು ಕರಟ ಕುಡಿದು ಎದ್ದು ಹೋಗುತ್ತಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಚರ್ಚಿನ ಹಾಡಿನ ತಾಲೀಮು ಮುಗಿದ ಮೇಲೆ ಅವನ ತಾಯಿ ಲೋಸೇಲಿಯನ್ನು ನಿಲ್ಲಿಸಿದಳು. ನಾನೂ ಪಕ್ಕದಲ್ಲೇ ಇದ್ದೆ.

“ಏನಮ್ಮ, ನೀವಿಬ್ಬರೂ ಒಂದೇ ಹೊಟ್ಟೇಲಿ ಒಟ್ಟಿಗೆ ಮಲಗಿದ್ದವರು. ನಿನ್ನ ತಲೆ ಹೀಗೆ ಮಿಂಚ್ತಿದೆ, ಅವಳದು ಯಾಕೆ ಹಾಗಾಯ್ತು? ಏನಾದರೂ ಕಾಯಿಲೆನಾ? ನಮ್ಮ ಹುಡುಗನ ವಿಷಯ, ಕೇಳಲೇಬೇಕಲ್ಲ.”

ಲೋಸೇಲಿಯ ಕುತ್ತಿಗೆ ಕೆಂಪಾದದ್ದು ಕಂಡೆ. ಉತ್ತರ ಕೊಡಲು ಅವಳಿಗೆ ಸಿಕ್ಕಿದ್ದು ಎರಡು ಉಸಿರಿನಷ್ಟು ಹೊತ್ತು.

“ಕಾಯಿಲೆ ಅಲ್ಲ,” ಅಂದಳು. “ಚಿಕ್ಕೋಳಿದ್ದಾಗ ಅಪ್ಪನ ಎಂಜಲು ತಿಂತಿದ್ದಳು. ಅಪ್ಪ ಬಿಟ್ಟ ಮೀನಿನ ತಲೆ, ಗೆಣಸು, ಕದ್ದು ತಿನ್ನೋಳು. ಬೇಡ ಅಂತ ನಾನು ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ.”

ನಮ್ಮಲ್ಲಿ ತಂದೆ ಉಂಡು ಬಿಟ್ಟದ್ದನ್ನು ಮಕ್ಕಳು ಮುಟ್ಟುವಂತಿಲ್ಲ, ತಂದೆಯ ತಲೆಗೆ ಕೈ ತಾಗಿಸುವಂತಿಲ್ಲ. ಮುಟ್ಟಿದವರಿಗೆ ಶಾಪ ತಟ್ಟುತ್ತದೆ ಅಂತ ಹಾಲು ಕುಡಿಯುವಾಗಿನಿಂದ ಕೇಳಿ ಬೆಳೆದವರು ನಾವು. ಕಿತಿಯೊನಾನ ತಾಯಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಲೋಸೇಲಿ ನನ್ನ ಕಡೆ ನೋಡಲಿಲ್ಲ. ಅವಳ ತಲೆಗೆ ನಾನು ಹಚ್ಚಿ ಇನ್ನೂ ಒಂದು ದಿನ ಆಗಿರಲಿಲ್ಲ.

ಸೋಮವಾರ ಪೇಟೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ಕೇಳಿದೆ, “ನಿಜವೇನೇ ಅದು?”

“ಏನೋ ಒಂದು ಹೇಳಬೇಕಿತ್ತಲ್ಲ. ಅವಳು ನನ್ನ ತಲೆಗೇ ಕೈ ಹಾಕೋ ಹಾಗಿದ್ದಳು.”

ಆ ಮಾತು ಮುಂದಿನ ಭಾನುವಾರ ಬರುವುದರೊಳಗೆ ಊರು ಸುತ್ತಿತು. ಯಾರೂ ಕಲೊಲೈನೆಯ ಮುಖಕ್ಕೆ ಏನೂ ಹೇಳಲಿಲ್ಲ. ಚಾವಡಿಯಲ್ಲಿ ಅವಳ ಪಕ್ಕದ ಹೆಂಗಸು ಗರಿಯ ಕಟ್ಟನ್ನು ಒಂದು ಮೊಳ ಆಚೆ ಸರಿಸಿಕೊಂಡಳು, ಅಷ್ಟೇ. ಮಕ್ಕಳು ಮಾತ್ರ ಹಿಂದೆ ಬಿದ್ದರು. “ಮೀನಿನ ತಲೆ, ಬಿಳಿ ತಲೆ,” ಅಂತ ಬೇಲಿಯ ಮರೆಯಿಂದ ಕೂಗುವುದು, ಓಡುವುದು. ನಗುವ ಜಾಗ ಬಂದಾಗ ನಾವೂ ನಕ್ಕೆವು. ನಾನೂ ನಕ್ಕಿದ್ದೇನೆ.

ಆಶ್ಚರ್ಯವೆಂದರೆ ಕಲೊಲೈನೆಯೇ ಅದನ್ನು ನಂಬಿಬಿಟ್ಟಳು. ಒಂದು ಮಧ್ಯಾಹ್ನ ಅಂಗಡಿಗೆ ಬಂದವಳು ಸೋಪು ತಗೊಳ್ಳುತ್ತ ಹೇಳಿದಳು, “ತಿಂದಿರಬಹುದು ಕಣೇ ನೈತೆ. ನಂಗೆ ನೆನಪಿಲ್ಲ. ಆದರೆ ಅಷ್ಟು ಖಚಿತವಾಗಿ ಹೇಳ್ತಾಳಲ್ಲ ಅವಳು. ಹಸಿವಾಗಿದ್ದಾಗ ತಿಂದಿರಬಹುದು.”

“ಡೈ ಹಾಕ್ಕೋಬಾರದಾ?” ಅಂತ ನನ್ನ ಬಾಯಿಂದ ಬಂತು.

ದೇವರು ಕೊಟ್ಟ ಗುರುತನ್ನು ಮುಚ್ಚಿಡುವುದು ಇನ್ನೊಂದು ತಪ್ಪಾದೀತೇ ಅಂತ ಅವಳ ಚಿಂತೆ. ಅಪ್ಪ ಏನಂದಾರು ಅಂತ ಇನ್ನೊಂದು. ಅವತ್ತು ಸೋಪು ಮಾತ್ರ ಒಯ್ದಳು. ಮೂರು ವಾರದ ಮೇಲೆ ತಿರುಗಿ ಬಂದಳು. ಕಿತಿಯೊನಾನ ತಾಯಿ ಮಗನನ್ನು ಕಾವಾ ಕೂಟಕ್ಕೆ ಕಳಿಸುವುದನ್ನು ನಿಲ್ಲಿಸಿದ್ದಳು. “ಅವಳಿಗೆ ಹುಟ್ಟೋ ಮಕ್ಕಳಿಗೆ ಏನೇನು ತಟ್ಟುತ್ತೋ,” ಅಂದಿದ್ದಳಂತೆ. ಅವನು ಬಂದರಿನಿಂದ ಹೇಳಿಕಳಿಸಿದ್ದ: ಅಮ್ಮನ ಕಣ್ಣಿಗೆ ಬೀಳುವ ಆ ಬಿಳುಪೊಂದು ಹೋದರೆ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಕಪಾಟಿನಲ್ಲಿ ಉಳಿದಿದ್ದದ್ದು ಒಂದೇ ಡಬ್ಬಿ, ಲೋಸೇಲಿಗೆಂದು ತೆಗೆದಿಟ್ಟದ್ದು. ಕೊಟ್ಟೆ. ಹಚ್ಚುವುದು ಹೇಗೆ ಅಂತಲೂ ಹೇಳಿಕೊಟ್ಟೆ. ನನ್ನ ಕೈ ಅದರಲ್ಲಿ ಎಷ್ಟು ಪಳಗಿತ್ತು ಅಂತ ಅವಳು ಕೇಳಲಿಲ್ಲ.

ಆ ಭಾನುವಾರ ಅವಳು ಚರ್ಚಿಗೆ ಬಂದಾಗ ಬೆಂಚುಗಳಲ್ಲಿ ಗಾಳಿ ಬೀಸಿದ ಹಾಗೆ ತಲೆಗಳು ತಿರುಗಿದವು. ಎರಡು ವರ್ಷದ ಮೇಲೆ ಮೊದಲ ಸಲ ಅಕ್ಕ ತಂಗಿ ಮತ್ತೆ ಒಂದೇ ಥರ ಕಾಣುತ್ತಿದ್ದರು. ಬಿಳಿ ಅಂಗಿ, ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಸಣ್ಣ ಹೆಣಿಗೆಯ ಚಾಪೆ, ಎಣ್ಣೆ ಹಚ್ಚಿ ಬಿಗಿದ ಕಪ್ಪು ತುರುಬು. ಎರಡೂ ನನ್ನ ಕಪಾಟಿನ ಕಪ್ಪು ಅಂತ ಹಿಂದಿನ ಬೆಂಚಿನಲ್ಲಿ ಕೂತ ನನಗೆ ನಗು ಬಂತು. ಪ್ರಾರ್ಥನೆ ಮುಗಿದು ಹೊರಗೆ ಬಂದಾಗ ಪಾದ್ರಿಯ ಹೆಂಡತಿ ಕಲೊಲೈನೆಯನ್ನು “ಲೋಸೇಲಿ” ಅಂತ ಕೂಗಿದಳು. ಕಲೊಲೈನೆ ನಕ್ಕಳು. ಅಷ್ಟು ಖುಷಿಯ ನಗು ಅವಳ ಮುಖದಲ್ಲಿ ಆಮೇಲೆ ನಾನು ನೋಡಲಿಲ್ಲ. ಲೋಸೇಲಿ ನಗಲಿಲ್ಲ. ಅವಳು ಅಕ್ಕನ ಬೈತಲೆಯನ್ನೇ ನೋಡುತ್ತಿದ್ದಳು. ಅವಳಿಗೆ ಏನನಿಸಿತು ಅಂತ ಈಗ ನನಗೆ ಅರ್ಥವಾಗುತ್ತದೆ. ಅಕ್ಕ ಡೈ ಹಾಕಿದಳೆಂದು ಊರಿಗೆ ಗೊತ್ತು. ಹಾಕಿದ ತಲೆ ಹೇಗೆ ಕಾಣುತ್ತದೆಂದು ಈಗ ಊರಿಗೆ ಕಂಡಿತು. ಇನ್ನು ಆ ಕಣ್ಣು ಪಕ್ಕದ ತಲೆಯ ಮೇಲೂ ಬೀಳುತ್ತದೆ.

ಮಾರನೆಯ ದಿನ ಸಂಜೆ ಸಿಯೊಸಿಫಾ ನನ್ನನ್ನು ಮನೆಗೆ ಕರೆಸಿದ. ಅವನು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಕಲೊಲೈನೆ ಅವನ ಮುಂದೆ ನೆಲದ ಮೇಲೆ. ಅವತ್ತು ಕೆಲಸಕ್ಕೆ ಹೋಗದ ಲೋಸೇಲಿ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಬಟ್ಟೆ ಹೊಲಿಯುವ ದೊಡ್ಡ ಕತ್ತರಿ.

“ಡೈ ನೀನು ಕೊಟ್ಟಿದ್ದಾ?” ಅಂದ.

“ಹೌದು.”

“ತಂದೆಯ ಎಂಜಲು ತಿಂದೋಳಿಗೆ ದೇವರು ತಲೆ ಮೇಲೆ ಬರೆದು ತೋರಿಸಿದಾನೆ. ಅದನ್ನ ಅಳಿಸೋಕೆ ನೀನು ಯಾರು?”

ಲೋಸೇಲಿ ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಕೊಟ್ಟಿದ್ದೀಯಾ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಹೇಳುತ್ತಿರಲಿಲ್ಲ.

“ಕತ್ತರಿಸು,” ಅಂದ ಮಗಳಿಗೆ.

ಲೋಸೇಲಿ ಮುಂದೆ ಬಂದಳು. ಅಕ್ಕನ ತುರುಬು ಬಿಚ್ಚಿದಳು. ಕಲೊಲೈನೆಯ ಕೂದಲು ಸೊಂಟಕ್ಕೆ ಬರುತ್ತಿತ್ತು. ಲೋಸೇಲಿ ಹಿಡಿ ಹಿಡಿಯಾಗಿ ಎತ್ತಿ ಕತ್ತರಿಸಿದಳು. ಕಿವಿಯ ಹತ್ತಿರ ಬಂದಾಗ ಕತ್ತರಿಯ ತುದಿ ತಾಗಿ ರಕ್ತ ಜಿನುಗಿತು. ಕಲೊಲೈನೆ ಒಂದೇ ಮಾತು ಕೇಳಿದಳು, “ನೀನು ಯಾಕೆ ಅಪ್ಪಂಗೆ ಹೇಳ್ದೆ? ಅವರು ಗಮನಿಸಿರಲೇ ಇಲ್ಲ.”

“ನಿನ್ನ ಒಳ್ಳೇದಕ್ಕೇ ಹೇಳಿದ್ದು,” ಅಂದಳು ಲೋಸೇಲಿ. “ತಲೆ ಬಗ್ಗಿಸು.”

ಆರು ತಿಂಗಳಾದ ಮೇಲೆ ಕಿತಿಯೊನಾ ಲೋಸೇಲಿಯನ್ನು ಮದುವೆಯಾದ. ಅವನ ಮನಸ್ಸಿಲ್ಲದೆ ಆದ ಮದುವೆಯೇನೂ ಅಲ್ಲ ಅದು. ಮದುವೆಯ ಊಟದಲ್ಲಿ ಅವನ ತಾಯಿ ನಾಲ್ಕು ಜನರೆದುರು, “ಮುಖ ಒಂದೇ ಅಲ್ವಾ, ನನ್ನ ಮಗ ಏನು ಕಳಕೊಂಡ ಈಗ?” ಅಂದಳು. ಕಲೊಲೈನೆ ಆಗ ಕೆಸುವಿನೆಲೆಯ ಮುದ್ದೆಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ತಲೆಗೆ ಕರ್ಚೀಫು ಕಟ್ಟಿದ್ದಳು. ಕೇಳಿಸಿತು ಅವಳಿಗೆ. ಜೋಡಿಸುವುದು ನಿಲ್ಲಿಸಲಿಲ್ಲ.

ಅವರಿಗೆ ಇಪ್ಪತ್ತೇಳು ಆದಾಗ ಸಿಯೊಸಿಫಾನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸತ್ತವು, ಬಾಯಿ ಸೊಟ್ಟಗಾಯಿತು. ಉಣ್ಣಿಸಬೇಕು, ತಲೆ ತೊಳೆಯಬೇಕು, ಬಾಯಿ ಒರೆಸಬೇಕು. ಲೋಸೇಲಿಗೆ ಆಗ ಎರಡು ಮಕ್ಕಳು. “ನಾನು ಮುಟ್ಟಿದರೆ ನನ್ನ ಮಕ್ಕಳಿಗೆ ತಟ್ಟುತ್ತೆ,” ಅಂದಳು. “ಅಕ್ಕಂಗೆ ಹೇಗೂ ತಟ್ಟಿ ಆಗಿದೆ.” ಊರಿಗೂ ಅದು ನ್ಯಾಯವಾಗಿಯೇ ಕಂಡಿತು. ನಾಲ್ಕು ವರ್ಷ ಕಲೊಲೈನೆ ಆ ಮನೆ ಬಿಟ್ಟು ಕದಲಲಿಲ್ಲ. ಮೂವತ್ತೊಂದಕ್ಕೆ ಅವಳ ತಲೆಯಲ್ಲಿ ಒಂದು ಕಪ್ಪು ಎಳೆ ಇರಲಿಲ್ಲ. ಔಷಧಿ ತಂದುಕೊಡುವ ನರ್ಸು ಹೊಸಬಳು, ಅವಳನ್ನು ಸಿಯೊಸಿಫಾನ ಹೆಂಡತಿ ಅಂದುಕೊಂಡಿದ್ದಳು. ಲೋಸೇಲಿ ತಿಂಗಳಿಗೊಮ್ಮೆ ಪೇಟೆಗೆ ಬರುವುದು ತಪ್ಪಿಸಲಿಲ್ಲ. ಗಂಡನಿಗೆ ಏನು ಹೇಳಿ ಬರುತ್ತಿದ್ದಳೋ. ನಾನು ಹಚ್ಚುತ್ತಿದ್ದೆ.

ಸಿಯೊಸಿಫಾನ ಕೊನೆಯ ದಿನಗಳಲ್ಲಿ ಮಾತ್ರ ಅವಳಿಗೆ ಬರಲಾಗಲಿಲ್ಲ. ಎಲ್ಲರೂ ಮನೆಯಲ್ಲಿ ಕೂಡಿದ್ದರು, ಎದ್ದು ಹೋಗುವಂತಿರಲಿಲ್ಲ. ಅವನು ಸತ್ತಾಗ ಅವಳು ಡೈ ಹಚ್ಚಿ ಏಳು ವಾರವಾಗಿತ್ತು. ತಲೆಗೆ ಕಪ್ಪು ಬಟ್ಟೆ ಬಿಗಿದುಕೊಂಡಿದ್ದಳು.

ಹೆಣವನ್ನು ಮೂರು ದಿನ ಆಸ್ಪತ್ರೆಯಲ್ಲಿಟ್ಟರು. ಸಿಯೊಸಿಫಾನ ಅಕ್ಕ ಅನಸೇನಿ ಆಕ್ಲೆಂಡಿನಿಂದ ಬರಬೇಕಿತ್ತು. ಮೂವತ್ತೆರಡು ವರ್ಷವಾಗಿತ್ತು ಅವಳು ಊರು ಬಿಟ್ಟು. ಆದರೆ ತೀರಿಕೊಂಡವನ ಅಕ್ಕನೇ ಸಾವಿನ ಮನೆಯ ದೊರೆಸಾನಿ. ಅವಳು ತಲೆಯ ಹತ್ತಿರ ಕೂತು, ಏನು ಎಲ್ಲಿ ಆಗಬೇಕೆಂದು ಹೇಳಬೇಕು. ಸತ್ತವನ ಮಕ್ಕಳ ಕೂದಲು ಕತ್ತರಿಸಬೇಕಾದವಳೂ ಅವಳೇ.

ಹೂಳುವ ದಿನ ಬೆಳಿಗ್ಗೆ ನಾನು ಅಂಗಡಿಯಿಂದ ಬ್ರೆಡ್ಡಿನ ಪೆಟ್ಟಿಗೆಗಳನ್ನು ತಂದೆ. ಒಂದು ಪೆಟ್ಟಿಗೆಯ ತಳದಲ್ಲಿ ಡೈ ಇತ್ತು. ಹಿಂದಿನ ದಿನ ಲೋಸೇಲಿ ಹೇಳಿಕಳಿಸಿದ್ದಳು. ಆದರೆ ಆ ಮನೆಯಲ್ಲಿ ಒಬ್ಬಳು ಹತ್ತು ನಿಮಿಷ ಒಂಟಿಯಾಗಿರಲು ಜಾಗವೆಲ್ಲಿ? ಬಚ್ಚಲ ಮುಂದೆ ಸಾಲು, ಅಂಗಳದ ತುಂಬ ಜನ. ಹಿಂದುಗಡೆ ನೆಲ ತೋಡಿ ಕಲ್ಲು ಕಾಯಿಸುವ ಒಲೆಗಳಿಂದ ಹೊಗೆ. ಅಕ್ಕ ತಂಗಿ ಇಬ್ಬರೂ ಸತ್ತವನ ಮಕ್ಕಳಿಗೆ ತಕ್ಕ ಹಾಗೆ ಹರಕು ದೊಡ್ಡ ಚಾಪೆ ಸುತ್ತಿಕೊಂಡು ಅಡುಗೆಯ ಕಡೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಲೋಸೇಲಿ ನನ್ನನ್ನು ಕಣ್ಣಿನಲ್ಲೇ ಕೇಳಿದಳು. ಪೆಟ್ಟಿಗೆ ತೋರಿಸಿದೆ. ಅವಳು ಏಳುವಷ್ಟರಲ್ಲಿ ಅನಸೇನಿ ಕತ್ತರಿ ಹಿಡಿದು ಹಿತ್ತಲಿಗೆ ಬಂದಳು.

ಎಪ್ಪತ್ತು ದಾಟಿದ ದಪ್ಪ ಹೆಂಗಸು, ಮೊಣಕಾಲು ನೋವು. ಮಸಿಯಂಥ ಕಪ್ಪು ಕೂದಲು. ಕುರ್ಚಿ ತರಿಸಿ ಕೂತು, “ದೊಡ್ಡೋಳು ಯಾರೇ? ಬಾ,” ಅಂದಳು.

ಕಲೊಲೈನೆ ಅವಳ ಮುಂದೆ ಮಂಡಿಯೂರಿ ಕೂದಲು ಬಿಚ್ಚಿದಳು. ಅನಸೇನಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಬಿಕ್ಕಿದಳು.

“ಥೇಟ್ ನಮ್ಮಮ್ಮನ ತಲೆ ಕಣೇ. ಇದೇ ಬಿಳುಪು, ಇದೇ ದಪ್ಪ. ಇಪ್ಪತ್ತೆರಡಕ್ಕೆಲ್ಲ ಅಮ್ಮಂಗೆ ಪೂರ್ತಿ ಬೆಳ್ಳಗಾಗಿತ್ತು. ಸಿಯೊಸಿಫಾ ಚಿಕ್ಕೋನಿದ್ದಾಗ ದಿನಾ ಅದಕ್ಕೆ ಎಣ್ಣೆ ಹಚ್ಚೋನು. ನಾವು ಈ ಊರಿಗೆ ಬರೋಕೆ ಮುಂಚೆನೇ ಅಮ್ಮ ಹೋಗಿಬಿಟ್ಟಳು, ಇಲ್ಲಿ ಯಾರೂ ಅವಳನ್ನ ನೋಡಿಲ್ಲ. ನಿಂಗೆ ಹೇಳಿರಬೇಕಲ್ಲ.”

ಕಾಯಿ ತುರಿಯುತ್ತಿದ್ದ ಹೆಂಗಸರ ಕೈಗಳು ಒಂದೊಂದಾಗಿ ನಿಂತವು.

“ಇಲ್ಲ ಅತ್ತೆ,” ಅಂದಳು ಕಲೊಲೈನೆ.

“ಹೇಳಿಲ್ವಾ? ನಂಗೂ ಇಪ್ಪತ್ನಾಲ್ಕಕ್ಕೆ ಶುರುವಾಯ್ತು. ಇದು ಅಪ್ಪಟ ಡೈ, ನನ್ನ ಬ್ಯಾಗಲ್ಲಿ ಈಗಲೂ ಡಬ್ಬಿ ಇದೆ. ಕಳೆದ ಸಲ ಫೋನಲ್ಲಿ ಅವನೇ ತಮಾಷೆ ಮಾಡಿದ್ದ, ಅಮ್ಮನ ತಲೆ ನನ್ನ ಮಗಳಿಗೆ ಬಂದಿದೆ ಅಂತ. ಅದು ಕಾಯಿಲೆ ಬೀಳೋಕೆ ಮುಂಚೆ. ಐದಾರು ವರ್ಷ ಆಯ್ತೇನೋ.”

ಅನಸೇನಿಗೆ ಏನೂ ಗೊತ್ತಿರಲಿಲ್ಲ. ಮೀನಿನ ತಲೆಯ ಕತೆ ಅವಳ ಕಿವಿಗೆ ಯಾವತ್ತೂ ಬಿದ್ದಿರಲಿಲ್ಲ. ಹೇಳಿ ಮುಗಿಸಿ, ಕರಕರ ಕತ್ತರಿಸಿ ಬಿಳಿ ಕೂದಲನ್ನು ಚಾಪೆಯ ಮೇಲೆ ಹಾಕಿದಳು. ಕಲೊಲೈನೆಯ ಮುಖ ನನಗೆ ಎದುರಿಗಿತ್ತು. ಅಪ್ಪನಿಗೆ ಗೊತ್ತಿತ್ತು ಎಂಬುದು ಅವಳೊಳಗೆ ಇಳಿಯುವುದು ಕಾಣುತ್ತಿತ್ತು. ಗೊತ್ತಿದ್ದೇ ಕತ್ತರಿಸು ಅಂದಿದ್ದ. ಹೆಂಡತಿ ಇಲ್ಲದ ಮನೆಯಲ್ಲಿ ಒಬ್ಬ ಮಗಳು ಉಳಿಯಬೇಕಿತ್ತು. ಕತೆ ತಾನಾಗಿ ಬಾಗಿಲಿಗೆ ಬಂದಿತ್ತು. ಅವನು ಒಳಗೆ ಕರೆದುಕೊಂಡಿದ್ದ.

“ಇನ್ನೊಬ್ಬಳು ಬಾ,” ಅಂದಳು ಅನಸೇನಿ.

“ನಂಗೆ ತಲೆನೋವು ಅತ್ತೆ. ಆಮೇಲೆ ಬರ್ತೀನಿ,” ಅಂದಳು ಲೋಸೇಲಿ.

ಕಲೊಲೈನೆ ಎದ್ದಳು. ತಂಗಿಯ ಹಿಂದೆ ಹೋಗಿ ನಿಂತು ಕಪ್ಪು ಬಟ್ಟೆಯ ಗಂಟು ಬಿಚ್ಚಿದಳು. ಲೋಸೇಲಿ ಎರಡೂ ಕೈಯಿಂದ ಹಿಡಿದುಕೊಂಡಳು. ಕಲೊಲೈನೆ ಆ ಕೈಗಳನ್ನು ಒಂದೊಂದಾಗಿ ಬಿಡಿಸಿದಳು, ಮಗುವಿನ ಕೈ ಬಿಡಿಸಿದ ಹಾಗೆ. ಬೈತಲೆಯ ಎರಡೂ ಬದಿ ಬೆರಳಗಲ ಬಿಳುಪು, ಅದರ ಕೆಳಗೆ ಕಪ್ಪು. ಒಲೆಯ ಕಲ್ಲು ಒಂದು ಸಿಡಿದದ್ದು ಕೇಳಿಸಿತು.

“ಓ, ಇವಳೂ ನನ್ನ ಪಾರ್ಟಿ,” ಅಂದು ಅನಸೇನಿ ಕತ್ತರಿ ಎತ್ತಿದಳು. “ಭುಜದ ತನಕ ಸಾಕಲ್ವಾ?”

“ಬುಡಕ್ಕೆ ಕತ್ತರಿಸಿ ಅತ್ತೆ,” ಅಂದಳು ಕಲೊಲೈನೆ. “ಕಪ್ಪು ಒಂದು ಚೂರೂ ಉಳೀಬಾರದು.”

“ಯಾಕೇ ಅಷ್ಟು?”

“ಅಪ್ಪನ ಮುದ್ದಿನ ಮಗಳು ಅವಳು. ಅಷ್ಟಾದರೂ ಮಾಡದಿದ್ರೆ ಹೇಗೆ?”

ಅನಸೇನಿ ಕತ್ತರಿಸಿದಳು. ಕಲೊಲೈನೆ ತಂಗಿಯ ಗದ್ದ ಹಿಡಿದು ತಲೆಯನ್ನು ಅಲ್ಲಾಡದ ಹಾಗೆ ನಿಲ್ಲಿಸಿದ್ದಳು. ಮುಗಿದಾಗ ಲೋಸೇಲಿಯ ತಲೆ ಕೊಯ್ದ ಹುಲ್ಲಿನ ಹಾಗೆ ಬೆಳ್ಳಗೆ, ತುಂಡುತುಂಡಾಗಿತ್ತು. ಕಿತಿಯೊನಾ ಒಲೆಯ ಹತ್ತಿರ ಸಲಿಕೆ ಹಿಡಿದು ನಿಂತು ನೋಡುತ್ತಿದ್ದ.

“ಯಾವಾಗಿನಿಂದ?” ಅಂತ ಕೇಳಿದಳು ಕಲೊಲೈನೆ.

ಲೋಸೇಲಿ ತಲೆ ಎತ್ತಿದಳು. ನನ್ನ ಕಡೆ ನೋಡಿದಳು. ಅವಳ ಕಣ್ಣು ಹೋದ ಕಡೆ ಕಲೊಲೈನೆಯ ಕಣ್ಣೂ ಬಂತು, ಉಳಿದವರದ್ದೂ.

“ನೈತೆ, ಯಾವಾಗಿನಿಂದ?”

“ಹನ್ನೊಂದು ವರ್ಷ,” ಅಂದೆ.

ಅವಳು ತಲೆಯಾಡಿಸಿ, ಹೋಗಿ ಕೂತು ಮತ್ತೆ ಕಾಯಿ ತುರಿಯತೊಡಗಿದಳು. ಹೆಣ ಎತ್ತುವ ಮೊದಲು ಕೊನೆಯ ಮುತ್ತು ಕೊಡಲು ಎಲ್ಲರನ್ನೂ ಕರೆದರು. ಅವಳು ಏಳಲಿಲ್ಲ. ಪಾದ್ರಿಯೇ ಬಂದು ಕರೆದಾಗ, “ಕೈಯೆಲ್ಲ ಎಣ್ಣೆಯಾಗಿದೆ,” ಅಂದಳು. ನಾಲ್ಕು ವರ್ಷ ಆ ತಲೆ ತೊಳೆದವಳು ಅವನನ್ನು ಮಣ್ಣಿಗಿಡುವಾಗ ಮೂವತ್ತು ಕಾಯಿ ತುರಿದಳು.

ಇಷ್ಟಾದ ಮೇಲೆ ಊರು ಕಲೊಲೈನೆಯ ಕಾಲು ಹಿಡಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಒಬ್ಬರೂ ಒಂದು ಮಾತು ಕೇಳಲಿಲ್ಲ. ಹದಿನೈದು ದಿನದಲ್ಲಿ ಕತೆ ಬೇರೆಯಾಯಿತು. ಎಂಜಲು ಇಬ್ಬರೂ ತಿಂದಿರಬೇಕು, ಆದರೆ ಲೋಸೇಲಿ ತಂದೆಯ ಮರ್ಯಾದೆ ಉಳಿಸಲು ಮುಚ್ಚಿಟ್ಟಳು ಅಂದರು. ಸತ್ತ ತಂದೆಗೆ ಮುತ್ತು ಕೊಡದವಳ ಕಲ್ಲುಮನಸ್ಸಿನ ಬಗ್ಗೆ ಬಹಳ ಮಾತಾಡಿದರು. ಕಿತಿಯೊನಾನ ತಾಯಿಯಂತೂ, “ತನ್ನನ್ನು ತಾನು ಅಂದವಾಗಿ ಇಟ್ಕೊಳ್ಳೋ ಹೆಂಗಸು ಬೇಕು ಮನೆಗೆ. ನನ್ನ ಸೊಸೆ ಹಾಗಿದಾಳೆ,” ಅಂದಳು. ಕಿತಿಯೊನಾ ತಾನೇ ಅಂಗಡಿಗೆ ಬಂದ.

“ಅವಳು ಒಯ್ಯೋ ಡಬ್ಬಿ ಯಾವುದು, ಅದನ್ನ ಕೊಡು.”

ಕೊಟ್ಟೆ. “ಕಲೊಲೈನೆನ ಮಾತಾಡಿಸಿದ್ಯಾ?” ಅಂತ ಕೇಳಿದೆ.

“ಏನಂತ ಮಾತಾಡಿಸಲಿ?” ಅಂದ. ಸ್ವಲ್ಪ ಹೊತ್ತು ಡಬ್ಬಿಯ ಮೇಲಿನ ಹುಡುಗಿಯ ಚಿತ್ರ ನೋಡುತ್ತಿದ್ದ. “ದಿನಾ ಮನೆಯಲ್ಲಿ ಆ ಬಿಳಿ ತಲೆ ನೋಡೋಕೆ ಆಗ್ತಿಲ್ಲ ನಂಗೆ. ಯಾರು ಯಾರು ಅಂತಲೇ ಗೊತ್ತಾಗಲ್ಲ.”

ಮನೆ ಸಿಯೊಸಿಫಾನ ತಮ್ಮನ ಮಗನಿಗೆ ಹೋಯಿತು. ನೆಲ ಗಂಡಸರ ಪಾಲು. ಅವನು ಹೆಂಡತಿ ಮಕ್ಕಳೊಂದಿಗೆ ಬಂದು ಕಲೊಲೈನೆಗೆ ಅಡುಗೆಮನೆಯ ಪಕ್ಕದ ಕೋಣೆ ಬಿಟ್ಟುಕೊಟ್ಟ. ಅನಸೇನಿ ಆಕ್ಲೆಂಡಿನಿಂದ ಫೋನು ಮಾಡಿದಳು. “ನನ್ನ ಜತೆ ಬಂದಿರು. ಮೊಣಕಾಲು ಪೂರ್ತಿ ಹೋಗಿದೆ, ನಿಂಗೆ ರೋಗಿಗಳನ್ನ ನೋಡ್ಕೊಂಡು ಅಭ್ಯಾಸ ಇದೆಯಲ್ಲ,” ಅಂದಳಂತೆ.

ಮೂರು ತಿಂಗಳ ಮೇಲೆ, ತಿಂಗಳ ಮೊದಲ ಶನಿವಾರ, ಲೋಸೇಲಿ ಅಂಗಡಿಗೆ ಬಂದಳು. ಈಗ ಬಚ್ಚಿಡುವುದೇನೂ ಇರಲಿಲ್ಲ, ಆದರೂ ರೂಢಿ ಬಿಟ್ಟಿರಲಿಲ್ಲ. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು, ನಾನು ಡೈ ಕಲಸುತ್ತಿದ್ದೆ. ಕಲೊಲೈನೆ ಒಳಗೆ ಬಂದಳು. ತಂಗಿ ಇರುತ್ತಾಳೆಂದು ಗೊತ್ತಿದ್ದೇ ಬಂದಿರಬೇಕು.

“ಇವತ್ತು ನಾನು ಹಚ್ತೀನಿ,” ಅಂದಳು.

ಲೋಸೇಲಿ ಮೊದಲು ಬೆಚ್ಚಿದಳು. ಆಮೇಲೆ ಅವಳ ಕಣ್ಣು ತುಂಬಿತು. “ಅಕ್ಕ, ನೀನೂ ಹಾಕ್ಕೋ. ಇಬ್ಬರೂ ಹಾಕ್ಕೊಳ್ಳೋಣ. ಮೊದಲಿನ ಹಾಗೆ ಇರೋಣ.”

“ನಾನು ಹಾಕ್ಕೊಂಡರೆ ಕನ್ನಡಿಯಲ್ಲಿ ನೀನು ಕಾಣ್ತೀಯ,” ಅಂದಳು ಕಲೊಲೈನೆ. “ಅದನ್ನ ನೋಡ್ಕೊಂಡು ನಾನು ಬದುಕಬೇಕಾ?”

ಪ್ಲಾಸ್ಟಿಕ್ ಕೈಗವಸು ಕೊಟ್ಟೆ. ತಗೊಳ್ಳಲಿಲ್ಲ. ಬಟ್ಟಲಿಗೆ ಬರಿಗೈ ಅದ್ದಿ, ತಂಗಿಯ ತಲೆಗೆ ಹಚ್ಚತೊಡಗಿದಳು. ಅವಸರವಿಲ್ಲದೆ, ಎಳೆ ಎಳೆ ಬಿಡಿಸಿ, ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ನಾನು ಯಾವತ್ತೂ ಹಚ್ಚದಷ್ಟು ಚೆನ್ನಾಗಿ ಹಚ್ಚಿದಳು. ಲೋಸೇಲಿ ಕಣ್ಣು ಮುಚ್ಚಿ ಅಳುತ್ತ ಕೂತಿದ್ದಳು. ತಲೆ ಮುಗಿಯಿತು. ಕಲೊಲೈನೆ ಬಟ್ಟಲಲ್ಲಿ ಉಳಿದದ್ದನ್ನೆಲ್ಲ ಎರಡೂ ಅಂಗೈಗೆ ಬಳಿದುಕೊಂಡಳು. ಆ ಅಂಗೈಗಳನ್ನು ತಂಗಿಯ ಹಣೆಯ ಮೇಲಿಟ್ಟು ಮೆಲ್ಲಗೆ ಕೆಳಗೆ ಎಳೆದಳು. 

ರೆಪ್ಪೆಯ ಮೇಲೆ, ಮೂಗಿನ ಮೇಲೆ, ಕೆನ್ನೆ, ತುಟಿ, ಗದ್ದ. ಅಲ್ಲೇ ಒತ್ತಿ ಹಿಡಿದಳು. ಲೋಸೇಲಿ ಕೊಸರಾಡಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಿಡಿಸಬಹುದಿತ್ತು. ಬಿಡಿಸಲಿಲ್ಲ.

ಎಷ್ಟು ಹೊತ್ತು ಹಿಡಿದಿದ್ದಳೋ. ಕೊನೆಗೆ ಬಿಟ್ಟು, ಕೈ ತೊಳೆಯದೆ ಹೊರಗೆ ಹೋದಳು. ಗಲ್ಲಾದ ಹತ್ತಿರ ನಿಂತು ನನಗೆ ಹೇಳಿದಳು, “ನಾನು ಕಪ್ಪು ಹಾಕ್ಕೊಂಡು ಚರ್ಚಿಗೆ ಬಂದ ದಿನ ನೀನು ಹಿಂದಿನ ಬೆಂಚಲ್ಲಿ ನಗ್ತಿದ್ದೆ.”

“ಹೌದು,” ಅಂದೆ.

“ನಾನು ನೋಡಿದೆ. ನನ್ನ ಖುಷಿಗೆ ನಗ್ತಿದೀಯ ಅಂದ್ಕೊಂಡಿದ್ದೆ.”

ಲೋಸೇಲಿಯ ಮುಖವನ್ನು ಸೋಪು, ನಿಂಬೆ, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದೆ. ಚರ್ಮ ಕೆಂಪಾಯಿತು, ಕಪ್ಪು ಹೋಗಲಿಲ್ಲ. ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ಬಸ್ಸಿನಲ್ಲಿ ಟವೆಲ್ ಮುಚ್ಚಿಕೊಂಡು ಊರಿಗೆ ಹೋದಳು. ಅವಳ ಚಿಕ್ಕ ಮಗ ಅವಳನ್ನು ನೋಡಿ ಕಿರುಚಿ ಅಜ್ಜಿಯ ಹಿಂದೆ ಅಡಗಿಕೊಂಡನಂತೆ. ಹತ್ತು ದಿನ ಮನೆಯಿಂದ ಹೊರಗೆ ಬರಲಿಲ್ಲ. ಬಲಗಣ್ಣು ಆಮೇಲೂ ಸರಿಹೋಗಲಿಲ್ಲ. ಬಿಸಿಲಿಗೆ ನೀರು ಸುರಿಯುತ್ತದೆ. ಸಣ್ಣ ಹೆಣಿಗೆ ಅವಳಿಗೆ ಕಾಣುವುದಿಲ್ಲ.

ಕಲೊಲೈನೆ ಆ ವಾರವೇ ಚಾವಡಿಗೆ ಹೋಗಿ ಕಪ್ಪು ಕೈಯಲ್ಲೇ ಚಾಪೆ ಹೆಣೆದಳು. ಯಾರೂ ಏನೂ ಕೇಳಲಿಲ್ಲ. ಮುಂದಿನ ತಿಂಗಳು ಆಕ್ಲೆಂಡಿಗೆ ಹೋದಳು. ಅತ್ತೆಯ ಮನೆಗೆ ಹೋಗಲಿಲ್ಲ. ಮುದುಕರ ಆಶ್ರಮವೊಂದರಲ್ಲಿ ಕೆಲಸ ಹಿಡಿದು ಅಲ್ಲೇ ಇದ್ದಾಳೆ ಅಂತ ಅನಸೇನಿ ಸಿಟ್ಟಿನಿಂದ ಊರಿಗೆಲ್ಲ ಫೋನು ಮಾಡಿ ಹೇಳಿದಳು. ಬಿಳಿ ತಲೆ ಹಾಗೇ ಇದೆಯಂತೆ, ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಾಳಂತೆ. ನನಗೆ ಅವಳಿಂದ ಒಂದು ಕಾಗದ ಬರಲಿಲ್ಲ, ಬರಬೇಕೆಂದೂ ಇಲ್ಲ. ಲೋಸೇಲಿ ಈಗ ಡಬ್ಬಿ ತಗೊಂಡು ಹೋಗಿ ಮನೆಯಲ್ಲೇ ಹಚ್ಚಿಕೊಳ್ಳುತ್ತಾಳೆ. ಕಣ್ಣು ಸರಿಯಾಗಿ ಕಾಣದ್ದರಿಂದ ಕತ್ತಿನ ಹಿಂದೆ ಯಾವಾಗಲೂ ಒಂದಿಷ್ಟು ಬಿಳುಪು ಉಳಿದಿರುತ್ತದೆ.